ಕುಲುಮೆಯಲ್ಲಿ ಹುಟ್ಟಿದ ನಳಿಗೆ

ಕಲಬುರಗಿಯ ಕೋಟೆಗೆ ಹೋದವರು ಅಲ್ಲಿಯ ಉದ್ದನೆಯ ತೋಪನ್ನು ನೋಡದೆ ಹಿಂದಿರುಗುವುದಿಲ್ಲ. ‘ಬಾರಾ ಗಜಿ ತೋಪು’ ಎಂದು ಹೆಸರಾದ ಅದರ ಉದ್ದ ಸುಮಾರು 29 ಅಡಿ. ಆಳಂದದಿಂದ ವಾಯವ್ಯಕ್ಕೆ ಗಡಿ ದಾಟಿ ಮಹಾರಾಷ್ಟ್ರದ ನಳದುರ್ಗಕ್ಕೆ ಹೋದರೆ ಅಲ್ಲಿಯ ಎತ್ತರದ ಬುರುಜಿನ ಮೇಲೆ ಆನೆಯ ಹೆಸರಿನದೊಂದು, ಮೊಸಳೆಯ ಹೆಸರಿನದೊಂದು ತೋಪು ಇವೆ. ಅಫಜಲಪುರದ ಮೇಲಿಂದ ಭೀಮೆಯನ್ನು ದಾಟಿ ವಿಜಯಪುರ ಸೇರಿದರಂತೂ ಮಲಿಕ್-ಎ-ಮೈದಾನ್ ಕಾದಿರುತ್ತದೆ. ಈ ಭಾಗದ ಜನರಿಗೆ ತೋಪು, ಬಂದೂಕು ಎಂಬ ಮಾತುಗಳು ಕೋಟೆಯ ಕಲ್ಲುಗಳಷ್ಟೇ ಹಳೆಯ ಪರಿಚಯ.

ನೋಡಿದವರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಗುಂಡು ಎಷ್ಟು ದೂರ ಹೋಗುತ್ತಿತ್ತು? ಯಾರು ಯಾರ ಮೇಲೆ ಹಾರಿಸಿದರು? ಇದನ್ನು ಮಾಡಿದ್ದು ಹೇಗೆ ಎಂದು ಕೇಳುವವರು ಕಡಿಮೆ. ಲೇತ್ ಯಂತ್ರವಿಲ್ಲದ, ವಿದ್ಯುತ್ತಿಲ್ಲದ ಕಾಲದಲ್ಲಿ ಒಬ್ಬ ಕಂಬಾರ ಕಬ್ಬಿಣದ ಪಟ್ಟಿಯೊಂದನ್ನು ಎರಡು ಮೂರು ಮೊಳ ಉದ್ದದ, ನೇರವಾದ, ಒಳಗೆ ನುಣುಪಾದ, ಮದ್ದಿನ ಸ್ಫೋಟಕ್ಕೂ ಒಡೆಯದ ಕೊಳವೆಯನ್ನಾಗಿ ಮಾಡಿದ್ದಾದರೂ ಹೇಗೆ? ಕೋಟೆಯ ತೋಪಿಗಿಂತ ಕೈಯಲ್ಲಿ ಹಿಡಿಯುವ ಕೋವಿಯ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ಏಕೆಂದರೆ ಹಾರಿಸುವವನ ಕೆನ್ನೆ ಅದಕ್ಕೆ ತಾಗಿಕೊಂಡೇ ಇರುತ್ತದೆ.

ಕೋವಿ ಕೊಲ್ಲುವ ಸಾಧನ. ಅದರ ಅಂದವನ್ನು ಹೊಗಳುವುದು ಸರಿಯೇ ಎಂಬ ಸಂಕೋಚ ಸಹಜ. ಆದರೆ ಕೋವಿ ಮಾಡುವ ಕಸುಬುದಾರನ ಮೊದಲ ಹೊಣೆ ಗುರಿಯ ಕಡೆಗಲ್ಲ, ಹಿಡಿದವನ ಕಡೆಗೆ. ಕೆಟ್ಟ ಗಡಿಗೆ ಸೋರುತ್ತದೆ, ಕೆಟ್ಟ ಕುಡ ಸವೆಯುತ್ತದೆ. ಕೆಟ್ಟ ನಳಿಗೆಯಾದರೋ ಹಿಡಿದವನ ಕಣ್ಣು, ಕೈ ಎರಡನ್ನೂ ತೆಗೆಯುತ್ತದೆ. ಆದ್ದರಿಂದ ಹಳೆಯ ಕೋವಿಯೊಂದನ್ನು ನೋಡುವುದೆಂದರೆ ಒಬ್ಬ ಕಂಬಾರನ ಮೇಲೆ ಇನ್ನೊಬ್ಬ ಮನುಷ್ಯ ಇಟ್ಟ ನಂಬಿಕೆಯನ್ನು ನೋಡುವುದು.

ಬಾಯಿಂದ ತುಂಬುವ ಕೋವಿ

ಇಂದಿನ ಬಂದೂಕುಗಳಿಗೆ ತೋಟಾವನ್ನು ಹಿಂಭಾಗದಿಂದ ತುಂಬುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಜಗತ್ತಿನ ಬಹುಪಾಲು ಕೋವಿಗಳಿಗೆ ಎಲ್ಲವನ್ನೂ ತುಂಬಬೇಕಾಗಿದ್ದುದು ನಳಿಗೆಯ ಬಾಯಿಂದಲೇ. ಮೊದಲು ಅಳತೆಯ ಮದ್ದು, ಅದರ ಮೇಲೆ ಬಟ್ಟೆಯದೋ ನಾರಿನದೋ ಬಿರಡೆ, ಆಮೇಲೆ ಗುಂಡು ಅಥವಾ ಚರೆ. ಎಲ್ಲವನ್ನೂ ‘ಗಜ’ ಎಂಬ ಸರಳಿನಿಂದ ಬುಡದವರೆಗೆ ಜಡಿಯಬೇಕು. ನಳಿಗೆಯ ಬುಡದ ಪಕ್ಕದಲ್ಲೊಂದು ಸಣ್ಣ ರಂಧ್ರ. ಹೊರಗೆ ಹೊತ್ತಿಸಿದ ಕಿಡಿ ಆ ರಂಧ್ರದ ಮೂಲಕ ಒಳಗಿನ ಮದ್ದನ್ನು ಮುಟ್ಟುತ್ತದೆ.

ಕಿಡಿ ಮುಟ್ಟಿಸುವ ಬಗೆಯನ್ನನುಸರಿಸಿ ಇವುಗಳಲ್ಲಿ ಮೂರು ಮುಖ್ಯ ಜಾತಿಗಳು. ಎಲ್ಲಕ್ಕೂ ಹಳೆಯದು ಜಾಮಗಿ ಕೋವಿ. ಪೆಟ್ಲುಪ್ಪಿನಲ್ಲಿ ನೆನೆಸಿ ಒಣಗಿಸಿದ ಹುರಿಯೇ ಜಾಮಗಿ. ಅದು ಊದುಬತ್ತಿಯಂತೆ ನಿಧಾನವಾಗಿ ಉರಿಯುತ್ತಿರುತ್ತದೆ. ಹಾವಿನಂತೆ ಬಾಗಿದ ಕಬ್ಬಿಣದ ಕೊಕ್ಕೆ ಅದನ್ನು ಹಿಡಿದಿರುತ್ತದೆ. ಕೆಳಗಿನ ಸನ್ನೆ ಒತ್ತಿದರೆ ಕೊಕ್ಕೆ ಬಾಗಿ, ರಂಧ್ರದ ಪಕ್ಕದ ಬಟ್ಟಲಿನಲ್ಲಿರುವ ‘ರಂಜಕ’ ಎಂಬ ನುಣ್ಣನೆಯ ಮದ್ದಿಗೆ ಕೆಂಡ ತಾಗುತ್ತದೆ. ಎರಡನೆಯದು ಚಕಮಕಿ ಕಲ್ಲನ್ನು ಉಕ್ಕಿಗೆ ಬಡಿದು ಕಿಡಿ ಹಾರಿಸುವ ಕೋವಿ. ಮೂರನೆಯದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ರೂಪುಗೊಂಡ ಕೇಪಿನ ಕೋವಿ. ತಾಮ್ರದ ಪುಟ್ಟ ಟೋಪಿಯೊಳಗಿನ ಸ್ಫೋಟಕದ ಮೇಲೆ ‘ಕುದುರೆ’ ಬಡಿದಾಗ ಬೆಂಕಿ ಹುಟ್ಟುತ್ತದೆ. ಮಲೆನಾಡಿನ ಮನೆಗಳಲ್ಲಿ ಹಿರಿಯರು ಈಗಲೂ ನೆನಪಿಸಿಕೊಳ್ಳುವುದು ಈ ಕೇಪಿನ ಕೋವಿಯನ್ನು.

ಚಕಮಕಿ ಕೋವಿ ಬಂದ ಮೇಲೂ ನಮ್ಮ ದೇಶದಲ್ಲಿ ಜಾಮಗಿ ಕೋವಿ ಬಹುಕಾಲ ಉಳಿಯಿತು. ಇದನ್ನು ಹಿಂದುಳಿದಿರುವಿಕೆ ಎಂದು ತಳ್ಳಿಹಾಕಿದವರುಂಟು. ಕಾರಣ ಸರಳ: ಜಾಮಗಿ ಕೋವಿಯ ಕೀಲು ಕೆಟ್ಟರೆ ಊರಿನ ಕಂಬಾರನೇ ರಿಪೇರಿ ಮಾಡಬಲ್ಲ. ಹದವಾದ ಉಕ್ಕಿನ ಸ್ಪ್ರಿಂಗಾಗಲಿ, ಒಳ್ಳೆಯ ಚಕಮಕಿ ಕಲ್ಲಾಗಲಿ ಅದಕ್ಕೆ ಬೇಡ.

ಈ ಕೋವಿಗಳು ಕನ್ನಡ ನಾಡಿಗೆ ಕಾಲಿಟ್ಟದ್ದು ಹದಿನಾರನೆಯ ಶತಮಾನದ ಆರಂಭದಲ್ಲಿ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್, ಅಲ್ಲಿ ಮೊದಲಿನಿಂದಲೇ ಇದ್ದ ಕೋವಿಗಾರರ ಕೈಚಳಕವನ್ನು ಕಂಡು ಬೆರಗಾದ. ಅವರು ಬೊಹೇಮಿಯಾದ ಕೋವಿಗಾರರಿಗೆ ಸಮ ಎಂಬರ್ಥದ ಮಾತನ್ನು 1513ರಲ್ಲಿ ತನ್ನ ದೊರೆಗೆ ಬರೆದ. ಆಗಿನ ಯುರೋಪಿನಲ್ಲಿ ಅದು ದೊಡ್ಡ ಪ್ರಶಂಸೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ಟೋವಾಂವ್ ಡಿ ಫಿಗರೇದೊ ಎಂಬ ಪೋರ್ಚುಗೀಸನ ಜೊತೆಗಿದ್ದ ಕೆಲವೇ ಬಂದೂಕುಗಾರರು ಕೋಟೆಗೋಡೆಯ ಮೇಲೆ ತಲೆಯೆತ್ತಿದವರನ್ನು ಗುರಿಯಿಟ್ಟು ಬೀಳಿಸಿದ್ದನ್ನು ನೂನಿಜ್ ಬರೆದಿಟ್ಟಿದ್ದಾನೆ. ಆ ಕಾಳಗದಲ್ಲಿ ಆದಿಲ್‌ಶಾಹಿಯ ದೊಡ್ಡ ತೋಪುಗಳಿಗಿಂತ ಗಮನ ಸೆಳೆದದ್ದು ಕೈಯಲ್ಲಿ ಹಿಡಿಯುವ ಈ ಸಣ್ಣ ಆಯುಧ.

ಬಿದಿರು ಸೀಳುವ ದಿಕ್ಕು

ಕೋವಿಯ ಜೀವ ಇರುವುದು ನಳಿಗೆಯಲ್ಲಿ. ಅದನ್ನು ಅರ್ಥ ಮಾಡಿಕೊಳ್ಳಲು ಹಳೆಯ ಕಬ್ಬಿಣದ ಸ್ವಭಾವ ತಿಳಿದಿರಬೇಕು. ಅದಿರನ್ನು ಇದ್ದಿಲಿನೊಂದಿಗೆ ಸುಟ್ಟು, ಬಂದ ಮುದ್ದೆಯನ್ನು ಬಡಿದು ಬಡಿದು ತೆಗೆಯುತ್ತಿದ್ದ ನಾಡಕಬ್ಬಿಣ ಇಂದಿನ ಕಾರ್ಖಾನೆಯ ಕಬ್ಬಿಣದಂತೆ ಒಂದೇ ಸಮನಾಗಿರುತ್ತಿರಲಿಲ್ಲ. ಬಡಿದಂತೆಲ್ಲ ಅದರೊಳಗಿನ ಕಿಟ್ಟ ಎಳೆ ಎಳೆಯಾಗಿ ಚಾಚಿಕೊಳ್ಳುತ್ತಿತ್ತು. ಹೀಗಾಗಿ ಕಬ್ಬಿಣಕ್ಕೂ ಕಟ್ಟಿಗೆಯಂತೆ ನಾರಿನ ಗುಣ ಬರುತ್ತಿತ್ತು. ಎಳೆಯ ಉದ್ದಕ್ಕೆ ಎಳೆದರೆ ಗಟ್ಟಿ. ಎಳೆಗಳನ್ನು ಒಂದರಿಂದ ಒಂದು ಅಗಲಿಸುವಂತೆ ಹಿಗ್ಗಿಸಿದರೆ ಸೀಳು.

ಈಗ ನಳಿಗೆ ಮಾಡುವ ಸುಲಭದ ದಾರಿಯನ್ನು ನೋಡಿ. ಉದ್ದನೆಯ ಕಬ್ಬಿಣದ ಪಟ್ಟಿಯನ್ನು ಸರಳಿನ ಸುತ್ತ ಬಾಗಿಸಿ, ಎರಡು ಅಂಚುಗಳನ್ನು ಉದ್ದಕ್ಕೂ ಬೆಸೆಯುವುದು. ಆಗ ಎಳೆಗಳೂ ಉದ್ದಕ್ಕೆ, ಬೆಸುಗೆಯೂ ಉದ್ದಕ್ಕೆ. ಒಳಗೆ ಮದ್ದು ಸಿಡಿದಾಗ ಕೊಳವೆಯನ್ನು ಸುತ್ತಳತೆಯಲ್ಲಿ ಹಿಗ್ಗಿಸುವ ಒತ್ತಡ, ಅದನ್ನು ಉದ್ದಕ್ಕೆ ಜಗ್ಗುವ ಒತ್ತಡದ ಸುಮಾರು ಎರಡರಷ್ಟಿರುತ್ತದೆ ಎಂಬುದು ತೆಳುಗೋಡೆಯ ಕೊಳವೆಗಳ ಲೆಕ್ಕ. ಅಂದರೆ ಕಬ್ಬಿಣ ಎಲ್ಲಿ ದುರ್ಬಲವೋ ಅಲ್ಲಿಯೇ ಹೆಚ್ಚಿನ ಪೆಟ್ಟು. ಒಣಗಿದ ಬಿದಿರು ಉದ್ದಕ್ಕೆ ಸೀಳುವಂತೆ ಇಂಥ ನಳಿಗೆ ಬೆಸುಗೆಯ ಗೆರೆಯಲ್ಲಿ ಬಾಯಿ ಬಿಡುತ್ತದೆ.

ಇದಕ್ಕೆ ಕಸುಬುದಾರರು ಕಂಡುಕೊಂಡ ಪರಿಹಾರವೇ ಸುರುಳಿ ನಳಿಗೆ. ಪಟ್ಟಿಯನ್ನು ನೇರವಾಗಿ ಬಾಗಿಸುವ ಬದಲು ಸರಳಿನ ಸುತ್ತ ಓರೆಯಾಗಿ, ಬಾರುಕೋಲಿನ ಹಿಡಿಗೆ ಚರ್ಮದ ಪಟ್ಟಿ ಸುತ್ತುವ ಹಾಗೆ ಸುತ್ತುವುದು. ಅಂಚಿಗೆ ಅಂಚು ತಾಗಿಸದೆ ಒಂದರ ಮೇಲೊಂದು ಏರುವಂತೆ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಕಾಯಿಸಿ ಬಡಿದು ಬೆಸೆಯುವುದು. ಈಗ ಕಬ್ಬಿಣದ ಎಳೆಗಳು ಕೊಳವೆಯನ್ನು ಸುತ್ತುವರಿದಿರುತ್ತವೆ. ಒತ್ತಡ ಯಾವ ದಿಕ್ಕಿಗೋ ಬಲವೂ ಅದೇ ದಿಕ್ಕಿಗೆ. ಒಂದೇ ಕಬ್ಬಿಣ, ಒಂದೇ ತೂಕ. ಸುತ್ತಿದ ರೀತಿ ಬೇರೆಯಾದದ್ದಕ್ಕೇ ಜೀವ ಉಳಿಯಿತು.

ಈ ವಿಧಾನದ ಸ್ಪಷ್ಟವಾದ ಹಳೆಯ ವರ್ಣನೆ ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದ ‘ಐನ್-ಇ-ಅಕ್ಬರಿ’ಯಲ್ಲಿದೆ. ಅಂಚುಗಳನ್ನು ಉದ್ದಕ್ಕೆ ಬೆಸೆದ ಹಳೆಯ ನಳಿಗೆಗಳು ಅಪಾಯ ಮಾಡುತ್ತಿದ್ದವೆಂದೂ, ಕಾಗದದ ಸುರುಳಿಯಂತೆ ಓರೆಯಾಗಿ ಸುತ್ತುವ ಹೊಸ ವಿಧಾನ ಬಂತೆಂದೂ ಅಲ್ಲಿ ಹೇಳಿದೆ. ಒಂದು ಎತ್ತು ತಿರುಗಿಸುವ ಚಕ್ರದಿಂದ ಹದಿನಾರು ನಳಿಗೆಗಳನ್ನು ಒಟ್ಟಿಗೇ ಶುಚಿ ಮಾಡುವ ಸಾಧನದ ವಿವರವೂ ಇದೆ. ಆಸ್ಥಾನದ ಲೇಖಕ ಈ ಶೋಧಗಳ ಕೀರ್ತಿಯನ್ನು ಬಾದಶಹನಿಗೇ ಅರ್ಪಿಸಿದ್ದಾನೆ. ಆದರೆ ಇವುಗಳ ಜೊತೆ ಚರಿತ್ರೆಕಾರರು ತಳುಕು ಹಾಕುವ ಇನ್ನೊಂದು ಹೆಸರು ಫತ್‌ಹುಲ್ಲಾ ಶೀರಾಜಿಯದು. ಇರಾನಿನ ಈ ವಿದ್ವಾಂಸ 1583ರಲ್ಲಿ ಅಕ್ಬರನಲ್ಲಿಗೆ ಹೋಗುವ ಮೊದಲು ಇದ್ದುದು ವಿಜಯಪುರದಲ್ಲಿ, ಒಂದನೆಯ ಅಲಿ ಆದಿಲ್‌ಶಹನ ಆಶ್ರಯದಲ್ಲಿ. ದಖನ್ನಿನ ಕೋವಿಗಾರಿಕೆಗೂ ಉತ್ತರದ ಕೋವಿಗಾರಿಕೆಗೂ ನಡುವೆ ಗೋಡೆಯಿರಲಿಲ್ಲ ಎಂಬುದಕ್ಕೆ ಇಂಥ ಒಬ್ಬೊಬ್ಬರ ಓಡಾಟವೇ ಸಾಕ್ಷಿ.

ಕಬ್ಬಿಣದ ಆಯ್ಕೆಯಲ್ಲೂ ಜಾಣ್ಮೆಯಿತ್ತು. ದಕ್ಷಿಣ ಭಾರತದ ಮೂಸೆ ಉಕ್ಕು ಜಗತ್ಪ್ರಸಿದ್ಧ. ಇಂಗ್ಲಿಷರು ಅದನ್ನು ಕರೆದ ‘ವೂಟ್ಜ್’ ಎಂಬ ಹೆಸರೇ ನಮ್ಮ ‘ಉಕ್ಕು’ ಪದದಿಂದ ಬಂದದ್ದೆಂದು ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಬ್ಬಿಣ, ಉಕ್ಕು ತೆಗೆಯುವ ಕುಲುಮೆಗಳನ್ನು ವಿವರವಾಗಿ ಬಣ್ಣಿಸಿದ್ದಾನೆ. ಆದರೆ ಕತ್ತಿಗೆ ಒಳ್ಳೆಯದೆಲ್ಲ ಕೋವಿಗೆ ಒಳ್ಳೆಯದಲ್ಲ. ಕತ್ತಿಗೆ ಬೇಕಾದದ್ದು ಗಡಸುತನ. ನಳಿಗೆಗೆ ಬೇಕಾದದ್ದು ಮೆತು, ತಾಳ್ಮೆ. ಗಡಸಾದ ಲೋಹ ಒತ್ತಡಕ್ಕೆ ಗಾಜಿನಂತೆ ಚೂರಾದರೆ, ಮೆದು ಕಬ್ಬಿಣ ಉಬ್ಬಿ ಎಚ್ಚರಿಕೆ ಕೊಡುತ್ತದೆ. ಗಡಸು, ಮೆದು ಎರಡೂ ಎಳೆಗಳನ್ನು ಹೊಸೆದು ಮಾಡಿದ ಮೇಲುಮಟ್ಟದ ನಳಿಗೆಗಳ ಮೇಲ್ಮೈಯನ್ನು ಹುಳಿಯಿಂದ ತೊಳೆದರೆ ನೀರಿನ ಅಲೆಯಂತಹ ಗೆರೆಗಳು ಏಳುತ್ತವೆ. ಅದು ಮೇಲೆ ಬಿಡಿಸಿದ ಚಿತ್ತಾರವಲ್ಲ. ನಳಿಗೆ ಹುಟ್ಟಿದ ಬಗೆಯೇ ಹೊರಗೆ ಕಾಣುವುದು.

ಗಾಲಿಗೆ ಹಳಿ, ತೋಪಿಗೆ ಬಳೆ

ಇದೇ ತತ್ವವನ್ನು ದೊಡ್ಡ ಅಳತೆಯಲ್ಲಿ ನೋಡಬೇಕಾದರೆ ವಿಜಯಪುರದ ಉಪ್ಪಲಿ ಬುರುಜನ್ನು ಹತ್ತಬೇಕು. 1583ರಲ್ಲಿ ಹೈದರ್‌ಖಾನನು ಕಟ್ಟಿಸಿದ ಆ ಬುರುಜಿನ ಮೇಲೆ ಎರಡು ಕಬ್ಬಿಣದ ತೋಪುಗಳಿವೆ. ಉದ್ದನೆಯದು 30 ಅಡಿ 8 ಅಂಗುಲ. ಇವು ಎರಕ ಹೊಯ್ದವಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಕೊಳವೆಯಾಕಾರಕ್ಕೆ ಜೋಡಿಸಿ, ಅವುಗಳ ಮೇಲೆ ಬಳೆಗಳನ್ನು ಒಂದರ ಪಕ್ಕ ಒಂದರಂತೆ ತೊಡಿಸಿ ಮಾಡಿದವು.

ಎತ್ತಿನ ಬಂಡಿಯ ಗಾಲಿಗೆ ಹಳಿ ಹಾಕುವುದನ್ನು ನೋಡಿದವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಹಳಿಯ ಅಳತೆ ಗಾಲಿಗಿಂತ ಒಂದಿಷ್ಟು ಕಿರಿದು. ಬೆಂಕಿಯಲ್ಲಿ ಕೆಂಪಗೆ ಕಾದಾಗ ಅದು ಹಿಗ್ಗುತ್ತದೆ. ಆಗ ಏರಿಸಿ ನೀರು ಹೊಯ್ದರೆ ಕುಗ್ಗಿ ಗಾಲಿಯನ್ನು ಬಿಗಿದು ಹಿಡಿಯುತ್ತದೆ. ತೋಪಿನ ಬಳೆಯೂ ಹೀಗೆಯೇ. ಪಟ್ಟಿಗಳು ತೋಪಿಗೆ ಉದ್ದ ಕೊಟ್ಟರೆ, ಬಳೆಗಳು ಸುತ್ತಳತೆಯ ಬಲ ಕೊಡುತ್ತವೆ. ಕೈಕೋವಿಯಲ್ಲಿ ಸುರುಳಿ ಮಾಡಿದ ಕೆಲಸವನ್ನೇ ತೋಪಿನಲ್ಲಿ ಬಳೆ ಮಾಡುತ್ತದೆ.

ಇದಕ್ಕೆ ತೀರ ಬೇರೆಯಾದದ್ದು ಮಲಿಕ್-ಎ-ಮೈದಾನ್. ಸುಮಾರು 55 ಟನ್ ತೂಕದ ಈ ಕಂಚಿನ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮಹಮ್ಮದ್ ಬಿನ್ ಹುಸೇನ್ ರೂಮಿ. ಆನೆಯನ್ನು ನುಂಗುತ್ತಿರುವ ಸಿಂಹದ ಬಾಯಿಯ ರೂಪ ಅದರ ಮೂತಿಗೆ. ಮಾಡಿದವನ ಹೆಸರು ತೋಪಿನ ಮೇಲೆಯೇ ಇದೆ. ಈ ಹೆಸರಿನ ವಿಷಯ ಸಣ್ಣದಲ್ಲ. ಮುಂದೆ ಅದು ಮತ್ತೆ ಬರುತ್ತದೆ.

ಹಲವು ಕೈಗಳ ಕೆಲಸ

ಬೆಸೆದು ಮುಗಿದ ನಳಿಗೆ ಇನ್ನೂ ಒರಟು ಕೊಳವೆ. ಉದ್ದನೆಯ ಬೈರಿಗೆಯಿಂದ ಒಳಗನ್ನು ಕೊರೆದು ಸಮ ಮಾಡಬೇಕು. ಕೊರೆಯುವಾಗ ಅವಸರ ಮಾಡಿದರೆ ಬೈರಿಗೆ ಓರೆಯಾಗಿ ಒಂದು ಕಡೆಯ ಗೋಡೆ ತೆಳುವಾಗುತ್ತದೆ. ನಳಿಗೆ ನೇರವಾಗಿದೆಯೇ ಎಂದು ತಿಳಿಯಲು ಜಗತ್ತಿನ ಎಲ್ಲೆಡೆಯ ಕೋವಿಗಾರರು ನಂಬಿದ್ದು ಎರಡನ್ನೇ: ಒಳಗೆ ಬಿಗಿಯಾಗಿ ಎಳೆದ ದಾರ, ಮತ್ತು ಬೆಳಕಿಗೆ ಹಿಡಿದ ಕಣ್ಣು. ನುಣುಪಾದ ಒಳಮೈಯಲ್ಲಿ ಬೆಳಕಿನ ಉಂಗುರಗಳು ಒಂದೇ ಸಮ ಕಂಡರೆ ನಳಿಗೆ ನೇರ. ಎಲ್ಲಿಯಾದರೂ ಉಂಗುರ ಮುರಿದರೆ ಅಲ್ಲಿ ಸೊಟ್ಟ. ಆಗ ಅಡಿಗಲ್ಲಿನ ಮೇಲಿಟ್ಟು ಮೆಲ್ಲಗೆ ಒಂದೇಟು. ಎಷ್ಟು ಮೆಲ್ಲಗೆ ಎಂಬುದನ್ನು ಯಾವ ಪುಸ್ತಕವೂ ಕಲಿಸಲಾರದು.

ಹೊರಗಿನ ಆಕಾರದಲ್ಲೂ ಲೆಕ್ಕವಿದೆ. ಮದ್ದು ಸಿಡಿಯುವ ಬುಡದಲ್ಲಿ ಗೋಡೆ ದಪ್ಪ. ಬಾಯಿಯ ಕಡೆಗೆ ಬರುತ್ತ ತೆಳು. ಬಾಯಿಯ ಬಳಿ ಮತ್ತೆ ಒಂದು ಉಬ್ಬು. ಕೆಲವು ನಳಿಗೆಗಳಲ್ಲಿ ಆ ಉಬ್ಬು ಹೂವಿನ ಮೊಗ್ಗಾಗಿ, ಇನ್ನು ಕೆಲವದರಲ್ಲಿ ಹುಲಿಯ ಮುಖವಾಗಿ ಅರಳಿರುತ್ತದೆ.

ಇದಾದ ಮೇಲೆ ಬಡಿಗನ ಕೆಲಸ. ಭಾರತದ ಜಾಮಗಿ ಕೋವಿಗಳ ಮರದ ಕುಂದಾ ಯುರೋಪಿನ ಕೋವಿಗಳಿಗಿಂತ ಸಪೂರ, ನೇರ. ನಳಿಗೆಯನ್ನು ಮರಕ್ಕೆ ಹಿಡಿಸಲು ಮೊಳೆ ಹೊಡೆಯುವ ಬದಲು ಚರ್ಮದ ಬಾರಿನಿಂದಲೋ ಲೋಹದ ತಂತಿಯಿಂದಲೋ ಸುತ್ತಿ ಬಿಗಿಯುತ್ತಿದ್ದರು. ನೋಡುವವರಿಗೆ ಇದು ಹಳ್ಳಿಯ ಒರಟು ಉಪಾಯವೆನ್ನಿಸಬಹುದು. ಆದರೆ ಇದರಿಂದ ನಳಿಗೆಗೆ ಎಲ್ಲೂ ತೂತು ಕೊರೆಯಬೇಕಾಗಿಲ್ಲ, ತೊಳೆಯಬೇಕಾದಾಗ ಬಾರು ಬಿಚ್ಚಿ ನಳಿಗೆಯನ್ನು ಬೇರೆ ಮಾಡಬಹುದು. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುವುದರಿಂದ ಆಗಾಗ ತೊಳೆಯುವುದು ಅನಿವಾರ್ಯ. ಕಿಡಿಯ ರಂಧ್ರ ಕಟ್ಟಿಕೊಂಡರೆ ಚುಚ್ಚಿ ತೆಗೆಯಲು ಒಂದು ಸೂಜಿ ಸರಪಳಿಯಲ್ಲಿ ನೇತಾಡುತ್ತಿರುತ್ತದೆ. ರಂಜಕದ ಬಟ್ಟಲಿಗೆ ಒಂದು ಸರಿಯುವ ಮುಚ್ಚಳ. ಒಂದೊಂದು ಅಂಗವೂ ಯಾವುದೋ ತೊಂದರೆಗೆ ಸಿಕ್ಕ ಉತ್ತರ.

ಕೊನೆಯ ಸರದಿ ಅಲಂಕಾರದವನದು. ಕಬ್ಬಿಣದ ಮೈಯನ್ನು ಸಣ್ಣ ಉಳಿಯಿಂದ ಕೆತ್ತಿ, ಬೆಳ್ಳಿ ಬಂಗಾರದ ತಂತಿಯನ್ನು ಅದರಲ್ಲಿ ಬಡಿದು ಕೂರಿಸುವ ಕಲೆ ಅದು. ಪಕ್ಕದ ಬೀದರಿನ ಬಿದರಿ ಕೆಲಸವನ್ನು ಬಲ್ಲವರಿಗೆ ಇದರ ಬಗೆ ಪರಿಚಿತವೇ. ಕರಿಯ ಲೋಹದ ಮೇಲೆ ಬಿಳಿಯ ಬಳ್ಳಿ ಹಬ್ಬಿಸುವ ಕಣ್ಣು ಎರಡಕ್ಕೂ ಒಂದೇ.

ಹುಲಿಪಟ್ಟೆಯ ಮುದ್ರೆ

ಕನ್ನಡ ನಾಡಿನಲ್ಲಿ ಕೋವಿಗಾರಿಕೆ ಅರಮನೆಯ ದೊಡ್ಡ ಉದ್ಯಮವಾಗಿ ಬೆಳೆದದ್ದು ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ. ಶ್ರೀರಂಗಪಟ್ಟಣ, ಬಿದನೂರು ನಗರ ಮೊದಲಾದ ಕಡೆ ಕಾರ್ಖಾನೆಗಳಿದ್ದವು. 1788ರಲ್ಲಿ ಟಿಪ್ಪು ಫ್ರಾನ್ಸಿನ ಹದಿನಾರನೆಯ ಲೂಯಿಯಲ್ಲಿಗೆ ಕಳುಹಿಸಿದ ರಾಯಭಾರಿಗಳು ಕೇಳಿದವುಗಳಲ್ಲಿ ಕುಶಲಕರ್ಮಿಗಳೂ ಸೇರಿದ್ದರು. ಹೊರಗಿನ ತಂತ್ರ, ಒಳಗಿನ ಕೈ ಕೂಡಿ ಹುಟ್ಟಿದ ಕೋವಿಗಳಲ್ಲಿ ಯುರೋಪಿನ ಚಕಮಕಿ ಕೀಲಿತ್ತು. ಅದರ ಮೈಮೇಲೆ ಟಿಪ್ಪುವಿನ ಹುಲಿಪಟ್ಟೆಯಿತ್ತು. ಕೆಲವು ಪಿಸ್ತೂಲು ಜೋಡಿಗಳಲ್ಲಿ ಒಂದರ ಕೀಲು ಬಲಕ್ಕೂ ಇನ್ನೊಂದರದು ಎಡಕ್ಕೂ ಇದ್ದು, ಕನ್ನಡಿಯ ಬಿಂಬದಂತೆ ಕಾಣುತ್ತವೆ.

ಈ ಕೋವಿಗಳ ಮೇಲೆ ಮಾಡಿದವನ ಹೆಸರು, ಮಾಡಿದ ಊರು, ಟಿಪ್ಪು ಜಾರಿಗೆ ತಂದ ಮೌಲೂದಿ ಪಂಚಾಂಗದ ವರ್ಷ, ಹೈದರನ ಹೆಸರಿನ ಮುದ್ರೆ ಕಾಣಸಿಗುತ್ತವೆ. ಸೈಯದ್ ಮಾಸೂಮ್, ಸೈಯದ್ ದಾವೂದ್ ಮುಂತಾದ ಕಸುಬುದಾರರ ಹೆಸರು ಇಂದು ಉಳಿದಿರುವುದು ಹೀಗೆ. ಅಕ್ಬರನ ಕಾರ್ಖಾನೆಯಲ್ಲೂ ಕಬ್ಬಿಣದ ತೂಕ, ಅದು ಬಂದ ಊರು, ಕೆಲಸಗಾರನ ಹೆಸರು, ತಿಂಗಳು, ವರ್ಷ ಎಲ್ಲವನ್ನೂ ಕೋವಿಯ ಮೇಲೆ ಕೊರೆಯುವ ಪದ್ಧತಿಯಿತ್ತು. ಇದು ಬರೀ ಹೆಮ್ಮೆಯ ಸಹಿಯಲ್ಲ. ನಳಿಗೆ ಒಡೆದರೆ ಯಾರನ್ನು ಕೇಳಬೇಕು ಎಂಬ ಪ್ರಶ್ನೆಗೆ ಉತ್ತರ ಕೋವಿಯ ಮೇಲೆಯೇ ಇರುತ್ತಿತ್ತು. ಹೆಸರು ಇದ್ದ ಕಡೆ ಹೊಣೆಯೂ ಇತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕೋವಿಗಳಲ್ಲಿ ಉತ್ತಮವಾದವು ಲೂಟಿಯ ಪಾಲಾಗಿ ಇಂಗ್ಲೆಂಡ್ ಸೇರಿದವು. 2019ರ ಮಾರ್ಚ್‌ನಲ್ಲಿ ಅಲ್ಲಿಯ ಒಂದು ಕುಟುಂಬದ ಬಳಿಯಿದ್ದ ಟಿಪ್ಪು ಕಾಲದ ಚಕಮಕಿ ಕೋವಿಯೊಂದು ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತು. ನಾಡಿನಲ್ಲಿ ಉಳಿದದ್ದು ಮಣ್ಣಿನಡಿ ಸಿಕ್ಕುತ್ತಿದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಹಳೆಯ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು. ಅವುಗಳ ಹೊರಮೈಯೂ ಕಬ್ಬಿಣದ ಕೊಳವೆಯೇ. ಕೋವಿಗೂ ರಾಕೆಟ್ಟಿಗೂ ತಾಯಿ ಒಂದೇ ಕುಲುಮೆ.

ಸುರಪುರದಿಂದ ಹಲಗಲಿಗೆ

ಅರಮನೆಯ ಕೋವಿಯ ಕಥೆ ಇದಾದರೆ, ಹಳ್ಳಿಯ ಕೋವಿಯ ಕಥೆ ಬೇರೆ. ಜೇವರ್ಗಿಯಿಂದ ದಕ್ಷಿಣಕ್ಕೆ, ಈಗಿನ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರ ಬೇಡ ನಾಯಕರ ಸಂಸ್ಥಾನ. ಗುರಿಕಾರಿಕೆಗೆ ಬೇಡರದು ಎತ್ತಿದ ಹೆಸರು. 1705ರಲ್ಲಿ ಮುದಿ ಔರಂಗಜೇಬ ತಾನೇ ಮುಂದೆ ನಿಂತು ಸುರಪುರದ ಹತ್ತಿರದ ವಾಗಣಗೇರಾ ಕೋಟೆಯನ್ನು ಮುತ್ತಿದಾಗ ಪಿಡ್ಡನಾಯಕನ ಬೇಡ ಬಂದೂಕುಗಾರರು ಸುಮಾರು ಮೂರು ತಿಂಗಳು ಮೊಘಲ್ ಸೇನೆಯನ್ನು ತಡೆದು ನಿಲ್ಲಿಸಿದರು. ಕೊನೆಗೆ ರಾತ್ರೋರಾತ್ರಿ ಕೋಟೆ ಬಿಟ್ಟು ಸರಿದರು. ಅದು ಬಾದಶಹನ ಕೊನೆಯ ಮುತ್ತಿಗೆ. 1841ರಿಂದ ಹನ್ನೆರಡು ವರ್ಷ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್‌ನ ಆತ್ಮಕಥೆಯಲ್ಲೂ ಈ ಬೇಡ ಪಡೆ ಬರುತ್ತದೆ. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತದ್ದೂ ಇದೇ ನೆಲದಲ್ಲಿ.

ಅದಕ್ಕೆ ಕೆಲವೇ ತಿಂಗಳು ಮೊದಲು ಕೋವಿಯ ಚರಿತ್ರೆ ತಿರುವು ಪಡೆದಿತ್ತು. 1857ರ ದಂಗೆಯಿಂದ ಬೆದರಿದ ಬ್ರಿಟಿಷ್ ಸರ್ಕಾರ ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ತಂದಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ಬಳಿಯ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲು ನಿರಾಕರಿಸಿದರು. ನವೆಂಬರ್ ಕೊನೆಯಲ್ಲಿ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಅವರ ಕಥೆ ಲಾವಣಿಯಾಗಿ ಜನರ ಬಾಯಲ್ಲಿ ಉಳಿಯಿತು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಸಂಗ್ರಹಿಸಿ ಪ್ರಕಟಿಸಿದ.

ಹಲಗಲಿಯ ಪ್ರತಿರೋಧವನ್ನು ಸ್ವಾತಂತ್ರ್ಯ ಹೋರಾಟದ ಪುಟವಾಗಿ ಓದುತ್ತೇವೆ. ಅದು ಸರಿ. ಆದರೆ ಅದೇ ಕಾಯಿದೆ ಒಂದು ಕಸುಬಿನ ಬೇರನ್ನೂ ಕೊಯ್ದಿತು. ಆಯುಧ ಇಟ್ಟುಕೊಳ್ಳುವುದಷ್ಟೇ ಅಲ್ಲ, ಮಾಡುವುದು, ಮಾರುವುದೂ ಪರವಾನಗಿಯ ಹಿಡಿತಕ್ಕೆ ಬಂದವು. 1878ರ ಆಯುಧ ಕಾಯಿದೆ ಈ ಹಿಡಿತವನ್ನು ಬಿಗಿಗೊಳಿಸಿತು. ಸ್ವತಂತ್ರ ಭಾರತದ 1959ರ ಕಾಯಿದೆಯೂ ಪರವಾನಗಿ ಪದ್ಧತಿಯನ್ನು ಉಳಿಸಿಕೊಂಡಿತು. ಅಷ್ಟರಲ್ಲಿ ಇಂಗ್ಲೆಂಡಿನ ಕಾರ್ಖಾನೆಯ ಅಗ್ಗದ ಕೋವಿಗಳೂ ಬಂದಿದ್ದವು. ಕಂಬಾರ ಕುಡ, ಕುರ್ಚಿಗೆ, ಗಾಲಿಯ ಹಳಿಗಳಿಗೆ ಮರಳಿದ.

ಸಾರ್ವಜನಿಕ ಸುರಕ್ಷತೆಗೆ ಇಂಥ ಕಾಯಿದೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಫಲವನ್ನು ಗಮನಿಸಬೇಕು. ಕಸುಬು ಬೆಳಕಿನಿಂದ ಕತ್ತಲೆಗೆ ಹೋದಾಗ ಮೊದಲು ಅಳಿಸಿಹೋದದ್ದು ಹೆಸರು. ಇಂದು ಪೊಲೀಸರು ವಶಪಡಿಸಿಕೊಳ್ಳುವ ‘ನಾಡಬಂದೂಕು’ಗಳ ಮೇಲೆ ಮಾಡಿದವನ ಹೆಸರಿರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಪರೀಕ್ಷೆಯಿಲ್ಲ, ಹೊಣೆಯಿಲ್ಲ. ಅವು ಸಿಡಿದು ಹಿಡಿದವನನ್ನೇ ಗಾಯಗೊಳಿಸಿದ ಸುದ್ದಿ ಅಪರೂಪವಲ್ಲ. ಹೆಸರು ಕೆತ್ತುತ್ತಿದ್ದ ಕಸುಬಿಗೂ ಹೆಸರು ಮುಚ್ಚಿಡುವ ದಂಧೆಗೂ ನಡುವಿನ ಅಂತರ ಇದು. ಎರಡನ್ನೂ ಒಂದೇ ಮಾತಿನಲ್ಲಿ ‘ಕೈಯಿಂದ ಮಾಡಿದ ಕೋವಿ’ ಎಂದು ಕರೆದರೆ ಹಳೆಯ ಕಸುಬುದಾರನಿಗೆ ಅನ್ಯಾಯವಾಗುತ್ತದೆ.

ತೋಕ್‌ಗೆ ಹೂ ಮುಡಿಸುವ ನಾಡು

ಕೋವಿಯನ್ನು ಈಗಲೂ ಮನೆಯ ಗೌರವದ ವಸ್ತುವಾಗಿ ನೋಡುವ ಒಂದು ಸೀಮೆ ಕರ್ನಾಟಕದಲ್ಲಿದೆ. ಅದು ಕೊಡಗು. ಕೊಡವ ಭಾಷೆಯಲ್ಲಿ ಕೋವಿಗೆ ‘ತೋಕ್’ ಎನ್ನುತ್ತಾರೆ. ಪ್ರತಿ ವರ್ಷ ಸೆಪ್ಟೆಂಬರ್ 3ರ ಸುಮಾರಿಗೆ ನಡೆಯುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿಗಳನ್ನು ತೊಳೆದು, ಸಾಲಾಗಿಟ್ಟು, ‘ತೋಕ್ ಪೂ’ ಎಂಬ ಕೆಂಪು ಹಳದಿ ಹೂವನ್ನು ನಳಿಗೆಗೆ ಮುಡಿಸಿ ಪೂಜಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಯುತ್ತದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಸಂಪ್ರದಾಯ. ಫೋನಿಲ್ಲದ ಕಾಲದಲ್ಲಿ ಗುಡ್ಡದಾಚೆಯ ನೆಂಟರಿಗೆ ಅದೇ ಸುದ್ದಿ.

1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣದ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಹಲಗಲಿಯವರಿಗೆ ಗಲ್ಲು ತಂದ ಕಾಯಿದೆಯ ಇನ್ನೊಂದು ಮುಖ ಇದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿ ಈಗಿನ ಕಾಯಿದೆಯಡಿಯೂ ಮುಂದುವರಿದಿದೆ. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಂದೂಕು ಬಂದ ದಾರಿ ಕೊಡಗಿನಲ್ಲೂ ಬದಲಾಗಿದೆ. ಹಬ್ಬದಲ್ಲಿ ಇಡುವ ಕೋವಿಗಳಲ್ಲಿ ಕಾರ್ಖಾನೆಯವೂ ಸೇರಿವೆ. ಆದರೂ ಕೋವಿಗೆ ಒಂದು ಮನೆತನದ ನೆನಪು ಅಂಟಿಕೊಂಡಿರುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಉಳಿದ ಕಡೆ ಬಾಯಿಂದ ತುಂಬುವ ಕೋವಿ ಬದುಕಿರುವುದು ಪರವಾನಗಿಯ ಕಾಗದದಲ್ಲಿ, ‘ಎಸ್‌ಬಿಎಂಎಲ್’ ಎಂಬ ನಾಲ್ಕಕ್ಷರವಾಗಿ. ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ ಎಂದು ಅದರ ಅರ್ಥ. ಬೆಳೆ ಕಾಯಲೆಂದು ರೈತರು ಇಟ್ಟುಕೊಂಡ ಇವು ಚುನಾವಣೆ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಬರುತ್ತವೆ.

ನೋಡುವ ಕಣ್ಣು

ಹಳೆಯ ಕೋವಿಯೊಂದು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಕಂಡಾಗ ಏನನ್ನು ನೋಡಬೇಕು? ಬೆಳ್ಳಿಯ ಬಳ್ಳಿಗೆ ಮೊದಲು ನಳಿಗೆಯನ್ನು ನೋಡಬೇಕು. ಮೈಮೇಲೆ ಓರೆಯಾಗಿ ಸಾಗುವ ಮಸುಕು ಗೆರೆಗಳಿದ್ದರೆ ಅದು ಸುರುಳಿಯ ಕೆಲಸ. ಬುಡದ ದಪ್ಪ ಬಾಯಿಯ ಕಡೆಗೆ ಹೇಗೆ ಇಳಿಯುತ್ತದೆ, ಕಿಡಿಯ ರಂಧ್ರ ಎಷ್ಟು ಸವೆದಿದೆ, ಕೆನ್ನೆ ತಾಗುವ ಕಡೆ ಮರ ಎಷ್ಟು ನುಣುಪಾಗಿದೆ ಎಂಬುದನ್ನು ಗಮನಿಸಿದರೆ ಅದು ಎಷ್ಟು ದುಡಿದ ಕೋವಿ ಎಂಬುದು ತಿಳಿಯುತ್ತದೆ. ಕೊನೆಗೆ ಹೆಸರು ಇದೆಯೇ ಎಂದು ಹುಡುಕಬೇಕು.

ಮನೆಯ ಅಟ್ಟದಲ್ಲಿ ಇಂಥದ್ದೊಂದು ಸಿಕ್ಕವರು ಎರಡು ತಪ್ಪು ಮಾಡುವುದುಂಟು. ಒಂದು, ಹಾರುತ್ತದೆಯೇ ಎಂದು ಪರೀಕ್ಷಿಸುವುದು. ಶತಮಾನದ ತುಕ್ಕು ಒಳಗಿನಿಂದ ತಿಂದ ನಳಿಗೆ ಹೊರಗೆ ಗಟ್ಟಿಯಾಗಿಯೇ ಕಾಣುತ್ತದೆ. ಹಿಂದೆ ತುಂಬಿದ ಮದ್ದು ಒಳಗೇ ಉಳಿದಿರಲೂಬಹುದು. ಇನ್ನೊಂದು, ಮರಳು ಕಾಗದದಿಂದ ಉಜ್ಜಿ ಹೊಳೆಯಿಸುವುದು. ಅದರಿಂದ ಗೆರೆಯೂ ಹೋಗುತ್ತದೆ, ಮುದ್ರೆಯೂ ಹೋಗುತ್ತದೆ. ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಗಳಿಗೆ 1959ರ ಕಾಯಿದೆಯ 45ನೇ ಕಲಮು ವಿನಾಯಿತಿ ಕೊಡುತ್ತದೆ. ಆದರೆ ತಮ್ಮ ಕೈಯಲ್ಲಿರುವುದು ಅಂಥದ್ದೇ ಎಂದು ತಾವೇ ತೀರ್ಮಾನಿಸದೆ ಠಾಣೆಗೂ ಪುರಾತತ್ವ ಇಲಾಖೆಗೂ ತಿಳಿಸುವುದು ಕ್ಷೇಮ.

ಬೆಲೆ ಕಟ್ಟಲು ಬಾರದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಜಯಪುರದಲ್ಲೇ ಒಂದು ಪಾಠವಿದೆ. 1854ರಲ್ಲಿ ಅಲ್ಲಿಯ ಉಪಯೋಗವಿಲ್ಲದ ಹಳೆಯ ಸಾಮಾನುಗಳನ್ನು ಹರಾಜು ಹಾಕುವಂತೆ ಸರ್ಕಾರಿ ಆದೇಶ ಬಂತು. ಮಲಿಕ್-ಎ-ಮೈದಾನಿಗೆ ಬಂದ ಅತಿ ಹೆಚ್ಚಿನ ಕೂಗು 150 ರೂಪಾಯಿ. ಕೊಳ್ಳಬಂದವನು ಕಂಡದ್ದು ಕರಗಿಸಬಹುದಾದ ಲೋಹದ ತೂಕವನ್ನು ಮಾತ್ರ. ಬೆಲೆ ತೀರ ಕಡಿಮೆಯಾಯಿತೆಂದೂ ಜನರಿಗೆ ಆ ತೋಪಿನ ಮೇಲೆ ಗೌರವವಿದೆಯೆಂದೂ ಸ್ಥಳೀಯ ಮಾಮಲೇದಾರ ಮೇಲಿನವರಿಗೆ ಬರೆದ, ಮಾರಾಟ ನಿಂತಿತು. ತೋಪು ಇಂದಿಗೂ ಶೇರ್ಜಾ ಬುರುಜಿನ ಮೇಲಿದೆ, ರೂಮಿಯ ಹೆಸರು ತೋಪಿನ ಮೇಲಿದೆ.

ಕೈಕೋವಿಗಳಿಗೆ ಅಂಥ ಮಾಮಲೇದಾರ ಸಿಕ್ಕಿದ್ದು ಅಪರೂಪ. ಎಷ್ಟೋ ನಳಿಗೆಗಳು ಗುಜರಿಯ ತಕ್ಕಡಿ ಏರಿ, ಕರಗಿ, ಬೇರೆ ಏನೋ ಆಗಿಹೋಗಿವೆ. ಉಳಿದ ಕೆಲವಾದರೂ ಮುಂದಿನವರಿಗೆ ಸಿಗಬೇಕಾದರೆ, ಅವನ್ನು ತೂಕಕ್ಕೆ ಹಾಕುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ಮೈಮೇಲಿನ ಓರೆಗೆರೆಗಳನ್ನು ನೋಡುವ ಅಭ್ಯಾಸ ಬೆಳೆಯಬೇಕು.